ನಾನು ತೋರಿಸಿದ ಜಾಗದಲ್ಲಿ ಗೆಳೆಯನ ಅಟ್ಟಣೆ: ಜಿಂಕೆ ಬೇಟೆಯ ಜಾಗ ಹಂಚಿಕೊಳ್ಳುವವರ ನಡುವಿನ ಮರ್ಯಾದೆ ಯಾವುದು?

ಓಕ್ಲೇರ್_ತೀರ್ಥಹಳ್ಳಿಗ

ನಮಸ್ಕಾರ. ವಿಸ್ಕಾನ್ಸಿನ್‌ಗೆ ಬಂದು ಜಿಂಕೆ ಬೇಟೆ ಕಲಿತು ಏಳು ವರ್ಷವಾಯಿತು. ಸ್ವಂತ ಜಮೀನಿಲ್ಲ, ಬನ್ನಿ ಎಂದು ಕರೆಯುವ ರೈತರ ಪರಿಚಯವೂ ಇಲ್ಲದ ಕಾರಣ ಉತ್ತರದ ಕೌಂಟಿ ಕಾಡುಗಳೇ ನನಗೆ ಗತಿ. ಮೊದಲ ಮೂರು ವರ್ಷ ಒಂದು ಜಿಂಕೆಯನ್ನೂ ಹೊಡೆಯಲಿಲ್ಲ. ಮಾರ್ಚ್‌ನಲ್ಲಿ ಹಿಮ ಕರಗುವ ಹೊತ್ತಿಗೆ ಒಬ್ಬನೇ ಕಾಡು ಸುತ್ತುತ್ತ, ಗಂಡು ಜಿಂಕೆಗಳು ಕೊಂಬು ಉಜ್ಜಿ ತೊಗಟೆ ಸುಲಿದ ಮರಗಳನ್ನು ಗುರುತು ಹಾಕಿಕೊಳ್ಳುತ್ತ, ಕೊನೆಗೊಂದು ಜಾಗ ಕಂಡುಕೊಂಡೆ. ಎರಡು ಜೌಗುಗಳ ನಡುವೆ ಓಕ್ ಮರಗಳಿರುವ ಕಿರಿದಾದ ದಿಣ್ಣೆ ಅದು. ಅಗಲ ನೂರು ಗಜವೂ ಇರಲಿಕ್ಕಿಲ್ಲ. ನಮ್ಮ ಮಲೆನಾಡಿನಲ್ಲಿ ಕಂಡಿ ಎನ್ನುತ್ತಾರಲ್ಲ, ಅಂಥದ್ದು. ರಸ್ತೆಯಿಂದ ಒಂದೂಕಾಲು ಮೈಲಿ ನಡೆಯಬೇಕು, ಅದರಲ್ಲಿ ಕಾಲು ಮೈಲಿ ಮೊಣಕಾಲುದ್ದದ ಕೆಸರು.

ಕಳೆದ ವರ್ಷ ಒಬ್ಬ ಗೆಳೆಯನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಅವನಿಗದು ಮೊದಲ ಬೇಟೆ. ನನ್ನ ಅಟ್ಟಣೆಯಲ್ಲೇ ಕೂರಿಸಿದೆ, ನಾನು ಕೆಳಗೆ ಬೇರೊಂದು ಮರದ ಬುಡದಲ್ಲಿ ಕುಳಿತೆ. ಅವನು ಒಂದು ಹೆಣ್ಣು ಜಿಂಕೆ ಹೊಡೆದ. ಇಬ್ಬರೂ ಸೇರಿ ಎಳೆದು ತಂದೆವು. ಅಲ್ಲಿಯವರೆಗೆ ಎಲ್ಲವೂ ಚೆನ್ನಾಗಿತ್ತು.

ಈ ಸಲ ಅಕ್ಟೋಬರ್ ಕೊನೆಯಲ್ಲಿ ಬಿಲ್ಲುಬಾಣದೊಂದಿಗೆ ಹೋದಾಗ, ನನ್ನ ಮರದಿಂದ ಅರವತ್ತು ಹೆಜ್ಜೆ ದೂರದಲ್ಲಿ ಹೊಸ ಅಟ್ಟಣೆ ಕಟ್ಟಿತ್ತು. ಹೆಸರಿನ ಚೀಟಿ ನೋಡಿದರೆ ಅದೇ ಗೆಳೆಯನದು. ಅದರ ಆಚೆಗೆ ಇನ್ನೊಂದು, ಅದು ಅವನ ಭಾವಮೈದುನನದು. ಎರಡೂ ವಾಯವ್ಯದ ಕಡೆಗಿವೆ. ನವೆಂಬರ್‌ನಲ್ಲಿ ಇಲ್ಲಿ ಗಾಳಿ ಹೆಚ್ಚಾಗಿ ಬೀಸುವುದು ವಾಯವ್ಯದಿಂದಲೇ, ಆದ್ದರಿಂದ ಅವರ ಮೈವಾಸನೆ ನೇರವಾಗಿ ಜಿಂಕೆಗಳು ಮಲಗುವ ಜೌಗಿಗೇ ಹೋಗುತ್ತದೆ. ಇದಲ್ಲದೆ ಆ ಜಾಗದ ಗುರುತನ್ನು ಆನ್‌ಎಕ್ಸ್ ಎಂಬ ಬೇಟೆಗಾರರ ಫೋನ್ ನಕ್ಷೆಯಿಂದ ತೆಗೆದು ಹನ್ನೆರಡು ಜನರ ವಾಟ್ಸಾಪ್ ಗುಂಪಿಗೆ ಹಾಕಿದ್ದಾನೆಂದು ನಿನ್ನೆ ತಿಳಿಯಿತು.

ಕಾಡು ಸಾರ್ವಜನಿಕರದು, ಗೊತ್ತು. ನಾನು ಕೇಳುತ್ತಿರುವುದು ಕಾನೂನನ್ನಲ್ಲ. ಬಂದೂಕಿನಿಂದ ಜಿಂಕೆ ಬೇಟೆಯಾಡಲು ಇಲ್ಲಿ ಅವಕಾಶವಿರುವ ಒಂಬತ್ತು ದಿನಗಳು ಆರಂಭವಾಗಲು ಇನ್ನು ಹದಿನೈದು ದಿನ ಮಾತ್ರ ಉಳಿದಿದೆ. ನನ್ನದು ಸಣ್ಣತನವೇ, ಅಥವಾ ಕೇಳುವ ಹಕ್ಕು ನನಗಿದೆಯೇ?

ನೇರಮಾತು

ಕ್ಷಮಿಸಿ, ಆದರೆ ಹೇಳಲೇಬೇಕು. ಜಾಗ ನಿಮ್ಮದಲ್ಲ. ಅಟ್ಟಣೆ ಕಟ್ಟಿದ ಮಾತ್ರಕ್ಕೆ ಸುತ್ತಲಿನ ಕಾಡು ಕಟ್ಟಿದವನ ಸ್ವತ್ತಾಗುವುದಿಲ್ಲ. ವಿಸ್ಕಾನ್ಸಿನ್‌ನ ಕೌಂಟಿ ಕಾಡುಗಳೆಲ್ಲ ಸೇರಿದರೆ ಇಪ್ಪತ್ತು ಲಕ್ಷ ಎಕರೆಗೂ ಹೆಚ್ಚು, ಅದರ ಮೇಲೆ ಚೆಕ್ವಾಮೆಗನ್-ನಿಕೊಲೆ ರಾಷ್ಟ್ರೀಯ ಅರಣ್ಯ ಬೇರೆ ಇದೆ. ಇಷ್ಟಿದ್ದೂ ನೂರು ಗಜದ ದಿಣ್ಣೆಗಾಗಿ ಸ್ನೇಹ ಕೆಡಿಸಿಕೊಳ್ಳುತ್ತೀರಾ? ತೋರಿಸಿದವರು ನೀವೇ. ಇದು ಗುಟ್ಟು ಎಂದು ಆ ದಿನ ಹೇಳಿದ್ದಿರಾ? ಹೇಳದಿದ್ದರೆ ಅವನಿಗೆ ಹೇಗೆ ಗೊತ್ತಾಗಬೇಕು?

ಓಕ್ಲೇರ್_ತೀರ್ಥಹಳ್ಳಿಗ

ಹೇಳಿರಲಿಲ್ಲ. ಹೇಳಬೇಕಾದ ಮಾತು ಎಂದು ಆಗ ಅನ್ನಿಸಿರಲೂ ಇಲ್ಲ.

ಹಳೆಕೋವಿ

ನಾನು ಮಿನ್ನೆಸೋಟದಲ್ಲಿ ಇಪ್ಪತ್ತಾರು ವರ್ಷದಿಂದಲೂ, ಅದಕ್ಕೆ ಮೊದಲು ಕೊಪ್ಪದ ಹತ್ತಿರದ ನಮ್ಮೂರಿನಲ್ಲಿ ಅಜ್ಜನ ಬಾಯಿಂದ ಕೇಳಿದ ಕತೆಗಳಲ್ಲಿಯೂ ಬೇಟೆಯ ಸಹವಾಸ ಮಾಡಿದವನು. ನೇರಮಾತು ಅವರು ಕಾನೂನಿನ ವಿಷಯದಲ್ಲಿ ಸರಿ. ಆದರೆ ತೀರ್ಥಹಳ್ಳಿಗರು ಕೇಳಿದ್ದು ಕಾಡು ಯಾರದು ಎಂದಲ್ಲ, ಕಾಡಿನ ಬಗ್ಗೆ ಗೊತ್ತಾದ ಸಂಗತಿ ಯಾರದು ಎಂದು. ಮೂರು ಮಾರ್ಚ್ ತಿಂಗಳುಗಳ ನಡಿಗೆ ಅವರದು. ಅದನ್ನು ಗೆಳೆಯನ ಕೈಗೆ ಕೊಟ್ಟದ್ದು ಸಾಲ ಕೊಟ್ಟ ಹಾಗೆ, ದಾನ ಕೊಟ್ಟ ಹಾಗಲ್ಲ. ಮನೆಗೆ ಕರೆದು ಊಟ ಹಾಕಿದವನ ಮನೆಗೆ ಮರುದಿನ ಹೇಳದೆ ಕೇಳದೆ ನೆಂಟರನ್ನು ಕರೆದುಕೊಂಡು ಹೋಗುವವರಿಗೆ ನಾವು ಏನನ್ನುತ್ತೇವೆ?

ನನ್ನ ಅಜ್ಜನ ಕಾಲದಲ್ಲಿ, ಅಂದರೆ 1972ರ ವನ್ಯಜೀವಿ ಕಾಯಿದೆ ಬರುವುದಕ್ಕೂ ಮೊದಲು, ಊರಿನವರೆಲ್ಲ ಸೇರಿ ಹಳು ಸೋವುತ್ತಿದ್ದರಂತೆ, ಅಂದರೆ ಗದ್ದಲ ಮಾಡಿ ಪೊದೆಗಳಿಂದ ಮಿಗಗಳನ್ನು ಕೋವಿಯವರತ್ತ ಎಬ್ಬಿಸುತ್ತಿದ್ದರಂತೆ. ಯಾರು ಎಲ್ಲಿ ಕೋವಿ ಹಿಡಿದು ಕೂರಬೇಕು ಎಂಬುದನ್ನು ಒಬ್ಬ ಹಿರಿಯ ಹೇಳುತ್ತಿದ್ದ. ಆ ನೆಲೆಗೆ ಬಿಲ್ಲು ಎಂದೇ ಹೆಸರು. ಕೈಯಲ್ಲಿದ್ದದ್ದು ಕೋವಿಯಾದರೂ ಕೂರುವುದು ಬಿಲ್ಲಿಗೆ. ಒಮ್ಮೆ ಬಿಲ್ಲಿಗೆ ಕೂತವನು, ಹಳು ಸೋವುವುದು ಮುಗಿದು ಕೂಗು ಕೇಳುವವರೆಗೂ ಅಲ್ಲಿಂದ ಏಳುವಂತಿಲ್ಲ, ಪಕ್ಕದವನ ಕಂಡಿ ಚೆನ್ನಾಗಿದೆಯೆಂದು ಸರಿದು ಕೂರುವಂತೆಯೂ ಇಲ್ಲ. ನಾವೆಲ್ಲ ಇದನ್ನು ಶಿಸ್ತು ಎಂದುಕೊಳ್ಳುತ್ತಿದ್ದೆವು. ಇಲ್ಲಿಗೆ ಬಂದು ರೈಫಲ್ ಹಿಡಿದ ಮೇಲೆ ಗೊತ್ತಾದದ್ದು, ಅದು ಜೀವ ಉಳಿಸಿಕೊಳ್ಳುವ ಲೆಕ್ಕ. ಯಾರು ಎಲ್ಲಿದ್ದಾನೆ ಎಂದು ಎಲ್ಲರಿಗೂ ಗೊತ್ತಿರುವ ತನಕ ಮಾತ್ರ ಗುಂಡು ಎತ್ತ ಹಾರಬಾರದು ಎಂಬುದೂ ಗೊತ್ತಿರುತ್ತದೆ.

ಆದ್ದರಿಂದ ತೀರ್ಥಹಳ್ಳಿಗರೇ, ನಿಮ್ಮ ದೂರಿನಲ್ಲಿ ಗಾಳಿ, ವಾಸನೆ, ವಾಟ್ಸಾಪ್ ಎಲ್ಲಾ ಬಂತು. ನನಗೆ ಭಯವಾದದ್ದು ಅರವತ್ತು ಹೆಜ್ಜೆ ಎಂಬ ಮಾತಿಗೆ. ಪಾಯಿಂಟ್ 308 ರೈಫಲಿನ ಗುಂಡು ಅಡ್ಡಿಯಿಲ್ಲದಿದ್ದರೆ ಎರಡು ಮೈಲಿ ದಾಟಿ ಹೋಗಬಲ್ಲದು. ಕಿರಿದಾದ ದಿಣ್ಣೆಯ ಮೇಲೆ ಒಂದೇ ಸಾಲಿನಲ್ಲಿ ಮೂರು ಅಟ್ಟಣೆ, ನಡುವೆ ಓಡುವ ಜಿಂಕೆ. ಸ್ನೇಹದ ಪ್ರಶ್ನೆ ಆಮೇಲೆ ಇರಲಿ. ಬಂದೂಕಿನ ದಿನಗಳು ಬರುವ ಮೊದಲೇ ಮಾತಾಡಲೇಬೇಕು, ಮತ್ತು ಮಾತು ಇಲ್ಲಿಂದಲೇ ಶುರುವಾಗಬೇಕು. "ನನ್ನ ಜಾಗ ಕಸಿದುಕೊಂಡೆ" ಎಂದರೆ ಅವನು ವಾದಕ್ಕಿಳಿಯುತ್ತಾನೆ. "ಈ ಮೂರು ಮರಗಳಲ್ಲಿ ನಾವು ಮೂವರೂ ಕೂತರೆ ಯಾರು ಯಾವ ಕಡೆಗೆ ಹೊಡೆಯಬೇಕು, ಹೇಳಪ್ಪ" ಎಂದರೆ ಯೋಚನೆ ಮಾಡುತ್ತಾನೆ.

ಹಿಮದಹೆಜ್ಜೆ

ಸಾರ್ವಜನಿಕ ಕಾಡಿನ ಜಗಳ ಕೇಳಿ ನಗು ಬಂತು, ಏಕೆಂದರೆ ನನ್ನ ಅನುಭವ ಇದಕ್ಕಿಂತ ಕೆಟ್ಟದು. ನಾನು ಬೇಟೆಯಾಡುವುದು ವರ್ನನ್ ಕೌಂಟಿಯ ಒಂದು ಹೈನುಗಾರಿಕೆಯ ಹೊಲದಲ್ಲಿ. ಆ ಯಜಮಾನರ ಅನುಮತಿ ಸಿಗಲು ಎರಡು ಬೇಸಿಗೆ ಬೇಕಾಯಿತು. ಮೊದಲ ಬೇಸಿಗೆಯಲ್ಲಿ ಬೇಲಿ ಸರಿಮಾಡಲು ಹೋದೆ, ಎರಡನೆಯದರಲ್ಲಿ ಹುಲ್ಲಿನ ಪೆಂಡಿ ಏರಿಸಲು. ಅವರ ಮನೆಯವರಿಗೆ ನಾನು ಮಾಡುವ ಕೊಬ್ಬರಿ ಮಿಠಾಯಿ ಎಂದರೆ ಪ್ರಾಣ; ಇವತ್ತಿಗೂ ಕ್ರಿಸ್‌ಮಸ್‌ಗೆ ಒಂದು ಡಬ್ಬಿ ಹೋಗುತ್ತದೆ.

ಮೂರನೆಯ ವರ್ಷ ಒಬ್ಬ ಗೆಳತಿಯನ್ನು ಕರೆದೊಯ್ಯಲು ಯಜಮಾನರನ್ನು ಕೇಳಿ ಒಪ್ಪಿಸಿದೆ. ನಾಲ್ಕನೆಯ ವರ್ಷ ನಾನು ಬಾಣಂತಿ, ಹೋಗಲಾಗಲಿಲ್ಲ. ಆಕೆ ತನ್ನ ಗಂಡನನ್ನೂ ಅವನ ಸಹೋದ್ಯೋಗಿಯನ್ನೂ ಕರೆದುಕೊಂಡು, "ನಾವು ಅವರ ಕಡೆಯವರು" ಎಂದು ನನ್ನ ಹೆಸರು ಹೇಳಿ ಒಳಗೆ ಹೋದಳು. ಆ ಸಹೋದ್ಯೋಗಿ ಮೇವಿನ ಜೋಳದ ಹೊಲದ ನಡುವೆಯೇ ಗಾಡಿ ಓಡಿಸಿದ, ಹೊರಗೆ ಬರುವಾಗ ಗೇಟು ತೆರೆದಿಟ್ಟ. ಹನ್ನೊಂದು ಕಡಸುಗಳು ರಸ್ತೆಗೆ ಬಂದವು. ಯಜಮಾನರು ಫೋನ್ ಮಾಡಿ ಬೈಯಲಿಲ್ಲ, ಅದೇ ನನಗೆ ಹೆಚ್ಚು ನೋವಾದದ್ದು. "ಇನ್ನು ಮೇಲೆ ಯಾರೂ ಬೇಡ" ಎಂದಷ್ಟೇ ಹೇಳಿದರು. ನಾನೊಬ್ಬಳೇ ಮತ್ತೆ ಹೋಗುವಂತಾಗಲು ಇನ್ನೆರಡು ಬೇಸಿಗೆ ಹಿಡಿಯಿತು.

ಖಾಸಗಿ ಜಮೀನಿನ ಅನುಮತಿ ವ್ಯಕ್ತಿಗೆ ಕೊಟ್ಟದ್ದೇ ಹೊರತು ಸ್ನೇಹಕ್ಕೆ ಕೊಟ್ಟದ್ದಲ್ಲ. ಇನ್ನೊಬ್ಬರ ಮೂಲಕ ಬಂದವರು ಮೂರನೆಯವರನ್ನು ಕರೆತರುವಂತೆಯೇ ಇಲ್ಲ, ಕೇಳಿಯೂ ಕರೆತರಬಾರದು ಎನ್ನುವುದು ಈಗ ನನ್ನ ಮಾತು. ಕೇಳುವುದಿದ್ದರೆ ನಾನು ಕೇಳುತ್ತೇನೆ. ಗಾಯಗೊಂಡ ಜಿಂಕೆ ಬೇಲಿ ದಾಟಿ ಪಕ್ಕದವರ ಜಮೀನಿಗೆ ಹೋದರೂ ವಿಸ್ಕಾನ್ಸಿನ್‌ನಲ್ಲಿ ಅನುಮತಿಯಿಲ್ಲದೆ ಅದರ ಹಿಂದೆ ಹೋಗುವಂತಿಲ್ಲ. ಆದ್ದರಿಂದ ಸುತ್ತಲಿನ ನಾಲ್ಕು ಮನೆಯವರ ದೂರವಾಣಿ ಸಂಖ್ಯೆ ನನ್ನ ಚೀಲದಲ್ಲಿ ಕಾಗದದ ಮೇಲೆ ಬರೆದಿಟ್ಟಿರುತ್ತೇನೆ. ಚಳಿಗೆ ಫೋನ್ ಸತ್ತರೂ ಕಾಗದ ಸಾಯುವುದಿಲ್ಲ.

ಜಿಂಕೆ ಸಿಕ್ಕಿದರೆ ಮಾಂಸದ ಮೊದಲ ಪಾಲು ಬೇಕೇ ಎಂದು ಯಜಮಾನರನ್ನು ಕೇಳುತ್ತೇನೆ. ಆದರೆ ಕೊಡುವುದು ಸಿಡಬ್ಲ್ಯೂಡಿ (ಜಿಂಕೆಗಳ ಮಿದುಳಿಗೆ ತಗಲುವ ಮಾರಕ ರೋಗ) ಪರೀಕ್ಷೆಯ ಫಲಿತಾಂಶ ಬಂದ ಮೇಲೆಯೇ. ಈ ರಾಜ್ಯದ ಕಾಡು ಜಿಂಕೆಗಳಲ್ಲಿ ಆ ರೋಗ 2002ರಲ್ಲಿ ಪತ್ತೆಯಾಯಿತು. ನಮ್ಮ ನೈಋತ್ಯ ಭಾಗದಲ್ಲಿಯೇ ಅದು ಹೆಚ್ಚು. ಸ್ನೇಹಿತರ ಜಿಂಕೆಗಳ ಮಾಂಸವನ್ನು ಒಟ್ಟಿಗೆ ಅರೆಸಿ ಹಂಚಿಕೊಳ್ಳುವವರು ದಯವಿಟ್ಟು ಇದನ್ನು ನೆನಪಿಡಿ: ಒಂದರ ಫಲಿತಾಂಶ ಕೆಟ್ಟರೆ ಎಲ್ಲರ ಪಾಲನ್ನೂ ಎಸೆಯಬೇಕಾಗುತ್ತದೆ.

ಹೊಸಬ_ಎಚ್1ಬಿ

ವಿಷಯಕ್ಕೆ ಸ್ವಲ್ಪ ಹೊರತಾದ ಪ್ರಶ್ನೆ ಎಂದು ಬೈಯಬೇಡಿ. ಈ ಸಲ ಗೆಳೆಯರೊಬ್ಬರು ಅವರ ಜಾಗಕ್ಕೆ ಕರೆದಿದ್ದಾರೆ, ತಮ್ಮ ಇನ್ನೊಂದು ರೈಫಲ್ ಕೊಡುತ್ತೇನೆ ಎಂದಿದ್ದಾರೆ. ನಾನು ಎಚ್1ಬಿ ವೀಸಾದಲ್ಲಿದ್ದೇನೆ. ಬರಿಗೈಯಲ್ಲಿ ಹೋಗುವುದು ಹೇಗೆ, ಏನು ಒಯ್ಯಬೇಕು?

ಹಳೆಕೋವಿ

ಹೊರತಾದ ಪ್ರಶ್ನೆಯೇನಲ್ಲ, ಅತಿಥಿಯ ಮರ್ಯಾದೆಯೂ ಇದೇ ಚರ್ಚೆಗೆ ಸೇರುತ್ತದೆ. ಆದರೆ ಮೊದಲು ಒಯ್ಯಬೇಕಾದ್ದು ಪರವಾನಗಿ. ವಲಸೆಯೇತರ ವೀಸಾದವರು ಬಂದೂಕು ಇಟ್ಟುಕೊಳ್ಳುವುದನ್ನೇ ಇಲ್ಲಿನ ಕೇಂದ್ರ ಕಾನೂನು ನಿಷೇಧಿಸುತ್ತದೆ. ಊರ್ಜಿತದಲ್ಲಿರುವ ಬೇಟೆ ಪರವಾನಗಿ ಇರುವುದು ಅದಕ್ಕಿರುವ ವಿನಾಯಿತಿಗಳಲ್ಲೊಂದು. ಪರವಾನಗಿ ಕೈಗೆ ಬರುವ ಮೊದಲು ಗೆಳೆಯನ ರೈಫಲನ್ನು ಗುರಿ ಅಭ್ಯಾಸಕ್ಕೆಂದೂ ಮುಟ್ಟಬೇಡಿ. ನಿಮಗೆ ತೊಂದರೆಯಾದರೆ ಕೊಟ್ಟ ಅವರಿಗೂ ತೊಂದರೆ. 1973ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ವಿಸ್ಕಾನ್ಸಿನ್‌ನಲ್ಲಿ ಬೇಟೆ ಶಿಕ್ಷಣದ ತರಗತಿ ಮುಗಿಸಿರಬೇಕು. ಇಲ್ಲದಿದ್ದರೆ ಮಾರ್ಗದರ್ಶಕರ ಕೈಯಳತೆಯಲ್ಲೇ ಕೂರುವ ವ್ಯವಸ್ಥೆ ಇದೆ.

ಉಳಿದಂತೆ, ತೋಟೆ ನಿಮ್ಮ ದುಡ್ಡಿನದಾಗಿರಲಿ, ಪೆಟ್ರೋಲಿಗೆ ಪಾಲು ಕೊಡಿ, ಬೆಳಗಿನ ಮೂರೂವರೆಗೆ ಎಂದರೆ ಮೂರೂವರೆಗೆ ಅವರ ಮನೆಯ ಮುಂದೆ ನಿಂತಿರಿ. ಸೊಂಟದ ಮೇಲಿನ ಹೊರಬಟ್ಟೆಯ ಅರ್ಧದಷ್ಟಾದರೂ ಕಣ್ಣು ಕುಕ್ಕುವ ಕಿತ್ತಳೆ ಬಣ್ಣ ಇರಬೇಕು. 2016ರಿಂದ ಗುಲಾಬಿಯೂ ನಡೆಯುತ್ತದೆ. ನನ್ನ ಮಗಳು ಅದನ್ನು ಹಾಕಿಕೊಳ್ಳಲು ಒಪ್ಪುವುದಿಲ್ಲ, ಅದು ಬೇರೆ ಮಾತು. ಅವರು ತೋರಿಸಿದಲ್ಲಿ ಕೂರಿ. ಒಳ್ಳೆಯ ಜಾಗವನ್ನು ಅವರೇ ಇಟ್ಟುಕೊಂಡರೆ ಅದು ಅವರ ಹಕ್ಕು ಎಂದು ತಿಳಿಯಿರಿ. ಮತ್ತು ಜಿಂಕೆ ಯಾರಿಗೆ ಬೀಳಲಿ, ಎಳೆಯುವಾಗ ಹಗ್ಗದ ಒಂದು ತುದಿ ನಿಮ್ಮ ಕೈಯಲ್ಲಿರಲಿ.

ಕಾಫಿತೋಟ

ಚಿಕ್ಕಮಗಳೂರಿನಿಂದ ಬರೆಯುತ್ತಿದ್ದೇನೆ. ನಮ್ಮಲ್ಲಿ ಜಿಂಕೆ ಹೊಡೆದರೆ ಜೈಲು. ಇಂಥ ಚರ್ಚೆ ಓದಿ ಇಲ್ಲಿನ ಹುಡುಗರು ಕೋವಿ ಹಿಡಿದು ಹೊರಟರೆ ಯಾರು ಹೊಣೆ? ಬೇಟೆಯ ಮರ್ಯಾದೆ ಎಂದರೆ ಬೇಟೆ ಬಿಡುವುದು ಎಂದು ನಮ್ಮ ತಂದೆ ಹೇಳುತ್ತಿದ್ದರು.

ವೇದಿಕೆ_ನಿರ್ವಾಹಕ

ಕಾಫಿತೋಟ ಅವರ ಆಕ್ಷೇಪ ನ್ಯಾಯವಾದದ್ದು. ಈ ಚರ್ಚೆ ಬೇಟೆ ಕಾನೂನುಬದ್ಧವಾಗಿರುವ, ಪರವಾನಗಿ ಮತ್ತು ಟ್ಯಾಗ್ (ಒಂದು ಜಿಂಕೆ ಹೊಡೆಯಲು ಸಿಗುವ ಅನುಮತಿ ಚೀಟಿ) ಪಡೆದೇ ಹೋಗುವ ರಾಜ್ಯಗಳಿಗೆ ಮಾತ್ರ ಸೀಮಿತ. ಭಾರತದಲ್ಲಿನ ಬೇಟೆಯ ಬಗ್ಗೆ, ಹಳೆಯ ನೆನಪುಗಳ ಹೊರತು, ಯಾರಾದರೂ ಬರೆದರೆ ಅಳಿಸಲಾಗುವುದು.

ನನ್ನ ಪರವಾಗಿ ಒಂದು ಮಾತು ಸೇರಿಸುತ್ತೇನೆ. ಅಟ್ಟಣೆಯ ಜಗಳವನ್ನು ಯಾರೂ ಹಗುರವಾಗಿ ಕಾಣಬೇಡಿ. 2004ರ ನವೆಂಬರ್ 21ರಂದು ವಿಸ್ಕಾನ್ಸಿನ್‌ನ ಸಾಯರ್ ಕೌಂಟಿಯಲ್ಲಿ, ಖಾಸಗಿ ಜಮೀನಿನ ಅಟ್ಟಣೆಯೊಂದರಲ್ಲಿ ಕುಳಿತಿದ್ದ ಹ್ಮಾಂಗ್ ಸಮುದಾಯದ (ಆಗ್ನೇಯ ಏಷ್ಯಾ ಮೂಲದವರು) ಬೇಟೆಗಾರನಿಗೂ ಜಮೀನಿನ ಕಡೆಯವರಿಗೂ ಮಾತಿಗೆ ಮಾತು ಬೆಳೆದು, ಅವನು ಹಾರಿಸಿದ ಗುಂಡುಗಳಿಗೆ ಆರು ಜನ ಸತ್ತರು, ಇಬ್ಬರು ಗಾಯಗೊಂಡರು. ಮೊದಲು ಗುಂಡು ಹಾರಿಸಿದವರು ಯಾರು ಎಂಬುದರಲ್ಲಿ ಎರಡು ಕಡೆಯವರ ಹೇಳಿಕೆಗಳೂ ಬೇರೆಯಾಗಿದ್ದವು. ಮರುವರ್ಷ ನ್ಯಾಯಾಲಯ ಅವನಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಇಲ್ಲಿನ ಹಳ್ಳಿಗಳಲ್ಲಿ ಇಂದಿಗೂ ಆ ದಿನ ಮರೆತಿಲ್ಲ. ನಮ್ಮಂಥ ಮೈಬಣ್ಣದವರು ಅಪರಿಚಿತರ ಅಟ್ಟಣೆಯ ಬಳಿ ಸುಳಿಯುವಾಗಲೂ, ನಮ್ಮ ಅಟ್ಟಣೆಯಲ್ಲಿ ಅಪರಿಚಿತರನ್ನು ಕಂಡಾಗಲೂ ಇದು ನೆನಪಿರಬೇಕು. ಯಾರಾದರೂ ಕುಳಿತಿದ್ದರೆ ಕೈಯೆತ್ತಿ, ಬಂದ ದಾರಿಯಲ್ಲಿ ಹಿಂತಿರುಗಿ. ಮಾತಾಡಲೇಬೇಕಿದ್ದರೆ ರೈಫಲ್ ಖಾಲಿ ಮಾಡಿ, ಗಾಡಿ ನಿಲ್ಲಿಸಿದ ಕಡೆ ಮಾತಾಡಿ.

ಮಡಿಕೇರಿ_ಮಿಲ್ವಾಕಿ

ಜಾಗದ ಮಾತಾಯಿತು, ಮಿಗ ಬಿದ್ದ ಮೇಲಿನ ಮಾತು ಯಾರೂ ಆಡುತ್ತಿಲ್ಲವಲ್ಲ. ನಾನು ಕಂಡಂತೆ ಸ್ನೇಹ ಮುರಿಯುವುದು ಹೆಚ್ಚಾಗಿ ಅಲ್ಲಿಯೇ.

ನಾವು ಐದು ಜನ ಒಟ್ಟಿಗೆ ಹೋಗುತ್ತೇವೆ. ಕೊಡವರ ಆಯುಧ ಹಬ್ಬವಾದ ಕೈಲ್‌ಪೊಳ್ದ್‌ಗೆ ಊರಿನಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಮನೆಯಿಂದ ಬಂದವನು ನಾನೊಬ್ಬನೇ. ಉಳಿದವರಲ್ಲಿ ಇಬ್ಬರು ಇಲ್ಲಿಯವರೇ, ಒಬ್ಬ ಧಾರವಾಡದವನು, ಒಬ್ಬ ತಮಿಳಿನವನು. ನಾಲ್ಕು ವರ್ಷದ ಹಿಂದೆ ಧಾರವಾಡದ ಗೆಳೆಯ ಒಂದು ದೊಡ್ಡ ಗಂಡಿಗೆ ಹೊಡೆದ. ಅದು ಕೆಳಗಿನ ಹಳ್ಳದತ್ತ ಓಡಿತು, ಮುನ್ನೂರು ಗಜ ಆಚೆ ಕುಳಿತಿದ್ದ ತಮಿಳಿನ ಗೆಳೆಯನೂ ಹೊಡೆದ, ಬಿತ್ತು. ಇಬ್ಬರೂ ಟ್ಯಾಗ್ ಹಿಡಿದು ನಿಂತರು. ಒಬ್ಬ "ಮೊದಲ ರಕ್ತ ನನ್ನದು" ಎಂದ, ಇನ್ನೊಬ್ಬ "ನಾನು ಹೊಡೆಯದಿದ್ದರೆ ಪಕ್ಕದ ಕೌಂಟಿಯಲ್ಲಿರುತ್ತಿತ್ತು" ಎಂದ.

ನಮ್ಮಲ್ಲಿ ಹಿರಿಯನಾದ ಇಲ್ಲಿನವನು ಏನೂ ಮಾತಾಡದೆ ಹಿಂದಕ್ಕೆ ನಡೆದ. ಮೊದಲ ಹೊಡೆತದ ಜಾಗದಿಂದ ಹಿಮದ ಮೇಲಿನ ಗುರುತು ನೋಡುತ್ತ ಬಂದ. ನಾವೂ ಹಿಂದೆಯೇ ಹೋದೆವು. ಮೊದಲ ಮೂವತ್ತು ಹೆಜ್ಜೆಯಲ್ಲಿ ಏನೂ ಇರಲಿಲ್ಲ. ಆಮೇಲೆ ಸಾಸಿವೆಯಷ್ಟು, ಆಮೇಲೆ ಹಿಮದ ಎರಡೂ ಬದಿಗೆ ಚಿಮ್ಮಿದ ತಿಳಿಗೆಂಪು. ಬೆರಳಿನಿಂದ ಮುಟ್ಟಿದರೆ ಸಣ್ಣ ಗುಳ್ಳೆಗಳು. ಶ್ವಾಸಕೋಶದ ರಕ್ತ ಹಾಗಿರುತ್ತದೆ. ಕಡುಗೆಂಪಾಗಿದ್ದರೆ ಪಿತ್ತಜನಕಾಂಗ, ಹಸಿರು ಬೆರೆತು ವಾಸನೆ ಬಂದರೆ ಹೊಟ್ಟೆ. ಹೊಟ್ಟೆಗೆ ಬಿದ್ದ ಜಿಂಕೆಯ ಹಿಂದೆ ಆರೇಳು ಗಂಟೆ ಹೋಗಲೇಬಾರದು, ಹೋದರೆ ಎದ್ದು ಇನ್ನೂ ದೂರ ಓಡುತ್ತದೆ. ಹಿಂತಿರುಗಿ ಹೊಟ್ಟೆ ಬಗೆದು ನೋಡಿದಾಗ ಮೊದಲ ಗುಂಡು ಎರಡೂ ಶ್ವಾಸಕೋಶ ಹಾಯ್ದಿತ್ತು, ಎರಡನೆಯದು ತೊಡೆಗೆ ಬಿದ್ದಿತ್ತು. ಅವನು ಧಾರವಾಡದವನ ಕಡೆ ಬೆರಳು ತೋರಿಸಿದ, ಅಷ್ಟೇ. ಸಾಯುವಂಥ ಮೊದಲ ಪೆಟ್ಟು ಯಾರದೋ ಮಿಗ ಅವರದು ಎಂಬುದು ಅಂದಿನಿಂದ ನಮ್ಮ ಕಟ್ಟಳೆ. ನಿಲ್ಲಿಸಿದವನಿಗೆ ಒಂದು ಹಿಂದೊಡೆ. ಇದು ನಮ್ಮೂರಿನ ಲೆಕ್ಕಕ್ಕೂ ಹತ್ತಿರ. ಅಲ್ಲಿ ಕೋವಿಗೊಂದು ಪಾಲು, ನಾಯಿಗೊಂದು ಪಾಲು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು.

ಇನ್ನೊಂದು. ವಿಸ್ಕಾನ್ಸಿನ್‌ನಲ್ಲಿ ಬಂದೂಕಿನ ಗುಂಪು ಬೇಟೆಯಲ್ಲಿ ಒಬ್ಬ ಇನ್ನೊಬ್ಬನ ಟ್ಯಾಗಿಗೆ ಜಿಂಕೆ ಹೊಡೆಯಲು ಅವಕಾಶವಿದೆ. ಆದರೆ ಇಬ್ಬರೂ ಒಬ್ಬರಿಗೊಬ್ಬರು ಕಾಣುವಷ್ಟು ಅಥವಾ ಕೂಗಿದರೆ ಕೇಳುವಷ್ಟು ಹತ್ತಿರ ಇರಬೇಕು, ಫೋನ್, ವಾಕಿಟಾಕಿ ಲೆಕ್ಕಕ್ಕಿಲ್ಲ. ಕಾನೂನು ಒಪ್ಪಿದೆಯೆಂದು ಕೇಳದೆ ಗೆಳೆಯನ ಟ್ಯಾಗ್ ತುಂಬಿಸಬೇಡಿ. ಇಡೀ ವರ್ಷ ಒಂದು ಬೆಳಗಿಗಾಗಿ ಕಾದವನಿಗೆ ಎಂಟೂವರೆಗೆ "ನಿನ್ನದೂ ಮುಗಿಯಿತು, ನಡಿ ಮನೆಗೆ" ಎಂದರೆ ಅದು ಉಪಕಾರವಲ್ಲ.

ನೇರಮಾತು

ಹಿಂದೊಡೆ ಕೊಡುವುದಾದರೆ ನಾನೂ ನಿಮ್ಮ ಗುಂಪಿಗೆ ಬರುತ್ತೇನೆ. ಆದರೆ ಮೂಲ ಪ್ರಶ್ನೆಗೆ ಹಿಂತಿರುಗುತ್ತೇನೆ, ಏಕೆಂದರೆ ನಾನು ಆ ಗೆಳೆಯನ ಸ್ಥಾನದಲ್ಲಿ ಒಮ್ಮೆ ಇದ್ದೆ. ಒಬ್ಬರು ನನಗೆ ಜಾಗ ತೋರಿಸಿದ್ದರು. ಮುಂದಿನ ವರ್ಷ ಅವರಿಗೆ ಮತ್ತೆ ಮತ್ತೆ ಫೋನ್ ಮಾಡಿ "ಹೋಗೋಣವೇ" ಎಂದು ಕೇಳಲು ಸಂಕೋಚವಾಯಿತು. ಅವರಿಗೆ ಹೊರೆಯಾಗಬಾರದು ಎಂದು ನಾನೇ ಹೋಗಿ ಸ್ವಲ್ಪ ಆಚೆ ಅಟ್ಟಣೆ ಕಟ್ಟಿದೆ. ಅದನ್ನು ಅವರು ಕಳ್ಳತನ ಎಂದುಕೊಂಡರು, ನಾನು ಸ್ವಾವಲಂಬನೆ ಎಂದುಕೊಂಡಿದ್ದೆ. ಎಂಟು ವರ್ಷವಾಯಿತು, ಯುಗಾದಿಯ ಊಟದಲ್ಲಿ ಎದುರಾದರೂ ಮಾತಿಲ್ಲ. ಆದ್ದರಿಂದ ಹೇಳಿದೆ, ಹೇಳದಿದ್ದರೆ ಹೇಗೆ ಗೊತ್ತಾಗಬೇಕು ಎಂದು.

ಹಿಮದಹೆಜ್ಜೆ

ನೇರಮಾತು ಅಣ್ಣ, ಹೊರೆಯಾಗಬಾರದು ಎಂಬ ಕಾರಣವನ್ನು ಅವರಿಗೆ ಎಂದಾದರೂ ಹೇಳಿದಿರಾ?

ನೇರಮಾತು

ಇಲ್ಲ.

ಹಳೆಕೋವಿ

ಹಾಗಾದರೆ ಎರಡೂ ಕಡೆಯ ತಪ್ಪು ಒಂದೇ. ತೋರಿಸುವವನು ಹೊರಡುವ ಮುನ್ನವೇ ಹೇಳಬೇಕು: ಬಾ, ಆದರೆ ನಾನಿಲ್ಲದೆ ಬರುವ ಮುನ್ನ ಒಂದು ಮಾತು ಕೇಳು, ಬೇರೆಯವರಿಗೆ ಹೇಳಬೇಡ. ಇದನ್ನು ಹೇಳಲು ನಮ್ಮವರಿಗೆ ನಾಲಿಗೆ ಏಳುವುದಿಲ್ಲ, ಜಿಪುಣ ಎಂದುಕೊಳ್ಳುತ್ತಾರೆಂಬ ಹೆದರಿಕೆ. ನೋಡಿದವನು, ಎಷ್ಟೇ ವರ್ಷ ಕಳೆದಿರಲಿ, ಆ ಜಾಗಕ್ಕೆ ಹೋಗುವ ಹಿಂದಿನ ರಾತ್ರಿ ಒಂದು ಸಂದೇಶ ಕಳಿಸಬೇಕು. ಉತ್ತರ ಬರದಿದ್ದರೆ ಬೇರೆ ಕಡೆ ಹೋಗಬೇಕು. ನಮ್ಮ ಗುಂಪಿನಲ್ಲಿ ನಕ್ಷೆಯ ಗುರುತನ್ನು ಫೋನಿನಲ್ಲಿ ಯಾರೂ ಯಾರಿಗೂ ಕಳಿಸುವುದಿಲ್ಲ. ಹೊಸಬರನ್ನು ನಡೆಸಿಕೊಂಡೇ ಹೋಗುತ್ತೇವೆ. ನಡೆದು ಹೋದವನಿಗೆ ದಾರಿಯ ಬೆಲೆ ಗೊತ್ತಿರುತ್ತದೆ, ಗುರುತು ಮುಂದಕ್ಕೆ ಕಳಿಸುವವನಿಗೆ ಕೆಸರು ಕಾಲಿಗೆ ಅಂಟಿರುವುದಿಲ್ಲ.

ಜಿಂಕೆಗಳ ಓಡಾಟ ತಿಳಿಯಲು ಮರಕ್ಕೆ ಕಟ್ಟುವ ಕ್ಯಾಮೆರಾದ ವಿಷಯವೂ ಹೀಗೆಯೇ. ಗೆಳೆಯನ ಕ್ಯಾಮೆರಾ ಕಂಡರೆ ಅದರ ಕಾರ್ಡು ತೆಗೆದು ನೋಡಬಾರದು, ಅದರ ಮುಂದೆ ನಿಂತು ಹಲ್ಲು ಕಿರಿಯುವುದು ಮಾತ್ರ ಕ್ಷಮ್ಯ.

ಕಾಫಿತೋಟ

ಮೊದಲು ಕಟುವಾಗಿ ಬರೆದೆ, ಈಗ ಪೂರ್ತಿ ಓದಿದೆ. ನಮ್ಮ ತಂದೆ ಹಲಸು, ಅತ್ತಿ ಹಣ್ಣಾಗುವ ಕಾಲಕ್ಕೆ ಮರಸು ಕೂರುತ್ತಿದ್ದ (ಮಿಗ ಬರುವುದನ್ನು ಕಾಯುತ್ತ ಅಡಗಿ ಕೂರುತ್ತಿದ್ದ) ಮರ ಇಂದಿಗೂ ತೋಟದ ಅಂಚಿನಲ್ಲಿದೆ. ಪಕ್ಕದ ತೋಟದವರು ಕೂತ ರಾತ್ರಿ ಇವರು ದೀಪ ಸಹ ಹೊತ್ತಿಸುತ್ತಿರಲಿಲ್ಲವಂತೆ, ನಾಯಿಗಳನ್ನು ಒಳಗೆ ಕಟ್ಟುತ್ತಿದ್ದರಂತೆ. ಈಗ ಆ ಮರದ ಕೆಳಗೆ ಜಿಂಕೆ ಬಂದರೆ ನಾವು ಕಿಟಕಿಯಿಂದ ನೋಡುತ್ತೇವೆ, ನಾಯಿಯನ್ನು ಒಳಗೆ ಕಟ್ಟುವ ಪದ್ಧತಿ ಮಾತ್ರ ಉಳಿದಿದೆ.

ಓಕ್ಲೇರ್_ತೀರ್ಥಹಳ್ಳಿಗ

ಎಲ್ಲರಿಗೂ ವಂದನೆಗಳು. ಹಳೆಕೋವಿಯವರ ಮಾತಿನಂತೆ ಭಾನುವಾರ ಗೆಳೆಯನ ಮನೆಗೆ ಹೋದೆ. ಕಾಗದದ ಮೇಲೆ ದಿಣ್ಣೆಯ ಚಿತ್ರ ಬರೆದು ಮೂರು ಮರ ಗುರುತಿಸಿ, "ಯಾರು ಯಾವ ಕಡೆಗೆ ಹೊಡೆಯುವುದು" ಎಂದು ಕೇಳಿದೆ. ಅವನು ಬಹಳ ಹೊತ್ತು ನೋಡಿದ. ಭಾವಮೈದುನನ ಮರದಿಂದ ಗೆರೆ ಎಳೆದ, ಅದು ನನ್ನ ಮರದ ಮೇಲೆಯೇ ಬಂತು. ಪೆನ್ಸಿಲ್ ಕೆಳಗಿಟ್ಟ.

ವಾಟ್ಸಾಪ್ ವಿಷಯ ಅವನೇ ಎತ್ತಿದ. ಹೆಮ್ಮೆಯಿಂದ ಹಾಕಿದ್ದನಂತೆ, ತನ್ನ ಮೊದಲ ಜಿಂಕೆ ಬಿದ್ದ ಜಾಗ ಎಂದು ಫೋಟೋದ ಕೆಳಗೆ ಗುರುತನ್ನೂ ಸೇರಿಸಿದ್ದ. ನನ್ನ ಜಾಗ ಹಂಚುತ್ತಿದ್ದೇನೆ ಎಂಬ ಯೋಚನೆಯೇ ಬಂದಿರಲಿಲ್ಲವಂತೆ. ನಾನು ನಂಬಿದೆ. ಭಾವಮೈದುನ ಬೇರೆ ಕಡೆ ಕೂರುವುದು, ವಾಯವ್ಯ ಗಾಳಿಯಿದ್ದ ದಿನ ನನ್ನ ಮರ, ದಕ್ಷಿಣದ ಗಾಳಿಯಿದ್ದ ದಿನ ಅವನ ಮರ, ಇಬ್ಬರೂ ಹೋದ ದಿನ ಬೆನ್ನಿಗೆ ಬೆನ್ನು ಮಾಡಿ ಎರಡು ಜೌಗಿನ ಕಡೆಗೆ ಮುಖ ಮಾಡುವುದು, ಮೂರನೆಯವರನ್ನು ಕರೆಯುವ ಮುನ್ನ ಒಬ್ಬರನ್ನೊಬ್ಬರು ಕೇಳುವುದು ಎಂದು ಮಾತಾಯಿತು. ಶನಿವಾರದ ನಂತರ ಮತ್ತೆ ಬರೆಯುತ್ತೇನೆ.

ಓಕ್ಲೇರ್_ತೀರ್ಥಹಳ್ಳಿಗ

ಬರೆಯುತ್ತೇನೆ ಎಂದವನು ತಡ ಮಾಡಿದೆ. ಆರಂಭದ ಶನಿವಾರ ಬೆಳಗಿನ ಜಾವ ಐದು ಗಂಟೆಗೆ ನಾವಿಬ್ಬರೂ ಕೆಸರು ದಾಟಿ ದಿಣ್ಣೆ ಹತ್ತಿದಾಗ ನಮ್ಮ ಎರಡೂ ಮರಗಳ ನಡುವೆ ಕೆಂಪು ದೀಪ ಕಂಡಿತು. ಅಪರಿಚಿತರು ಇಬ್ಬರು. ಆ ಗುಂಪಿನ ಯಾರೋ ಇನ್ಯಾರಿಗೋ ಗುರುತು ಕಳಿಸಿದ್ದಾರೆ. ಒಬ್ಬರು ನಮ್ಮತ್ತ ಕೈ ಬೀಸಿದರು. ನನ್ನ ಗೆಳೆಯ ಮುಂದೆ ಹೆಜ್ಜೆ ಇಡಲು ಹೊರಟಾಗ ತೋಳು ಹಿಡಿದೆ. ನಾವೂ ಕೈ ಬೀಸಿ, ಬಂದ ಕೆಸರಿನಲ್ಲೇ ಹಿಂತಿರುಗಿದೆವು.

ಗಾಡಿಯಲ್ಲಿ ಅವನು ಅರ್ಧ ಗಂಟೆ ಮಾತಾಡಲಿಲ್ಲ. ಆ ಒಂಬತ್ತು ದಿನ ನಾವು ಎಲ್ಲೆಲ್ಲೋ ಕುಳಿತೆವು, ನನಗೆ ಏನೂ ಸಿಗಲಿಲ್ಲ. ಅವನಿಗೆ ಕೊನೆಯ ದಿನ ಒಂದು ಚಿಕ್ಕ ಹೆಣ್ಣು ಸಿಕ್ಕಿತು, ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಅರ್ಧ ಮಾಂಸ ನನ್ನ ಫ್ರೀಜರಿಗೆ ತಂದು ತುಂಬಿಸಿದ.

ನಿನ್ನೆ, ಮಾರ್ಚ್ ಎರಡನೆಯ ಶನಿವಾರ, ಬೆಳಿಗ್ಗೆ ಆರಕ್ಕೆ ಮನೆಯ ಮುಂದೆ ಬಂದು ಹಾರ್ನ್ ಹೊಡೆದ. ಎರಡು ವಾರಾಂತ್ಯ ಒಬ್ಬನೇ ಸುತ್ತಿ ಹೊಸ ದಿಣ್ಣೆಯೊಂದನ್ನು ಹುಡುಕಿದ್ದಾನಂತೆ, ತೋರಿಸಬೇಕಂತೆ. ಕಾಡಿನ ಅಂಚಿನಲ್ಲಿ ಗಾಡಿ ನಿಲ್ಲಿಸಿ, ತನ್ನ ಫೋನ್ ಆರಿಸಿ ಡ್ಯಾಶ್‌ಬೋರ್ಡಿನಲ್ಲಿಟ್ಟು, ನನ್ನದಕ್ಕೂ ಕೈ ಚಾಚಿದ.